ಮೈಕ್ ಮಾಮ ಹಾಕಿಕೊಟ್ಟ ಸ್ಪೀಕರ್

ಅವರ ಎಡ ಅಂಗೈ ತುಂಬ ಎಳ್ಳು ಚೆಲ್ಲಿದ ಹಾಗೆ ಕರಿ ಚುಕ್ಕೆಗಳಿದ್ದವು. ವಯರ್ ಬೆಸೆಯುವಾಗ ಬಿಸಿ ಲೆಡ್ ಹನಿ ಬಿದ್ದು ಬಿದ್ದು ಚರ್ಮ ಸುಟ್ಟ ಗುರುತು. ಆ ಕೈಯನ್ನು ಹಾಡುತ್ತಿರುವ ಸ್ಪೀಕರಿನ ಜಾಲರಿ ಮೇಲಿಟ್ಟು, ಕಣ್ಣು ಮುಚ್ಚಿ, ಮಗುವಿನ ಜ್ವರ ನೋಡುವವರ ಹಾಗೆ ನಿಲ್ಲುತ್ತಿದ್ದರು. ಅದು ಕಸುಬಿನ ಗತ್ತು ಅಂದುಕೊಂಡಿದ್ದೆ. ಮೊದಲೆಲ್ಲ ಅವರು ಹಾಗೆ ಮಾಡುತ್ತಿರಲಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಭದ್ರಾವತಿಯಲ್ಲಿ ಕಾರ್ಖಾನೆ ಕ್ವಾರ್ಟರ್ಸ್ ಹಿಂದಿನ ನಮ್ಮ ಬೀದಿಯಲ್ಲಿ ಅವರದು ಮೈಕ್‌ಸೆಟ್ ಅಂಗಡಿ. ಎಲ್ಲರಿಗೂ ಅವರು ಮೈಕ್ ಮಾಮ. ಗಣಪತಿ ಕೂರಿಸಿದರೂ, ಉರುಸ್ ಆದರೂ, ತಮಿಳು ಮನೆಯವರು ಕಾವಡಿ ಹೊತ್ತರೂ ಕಂಬದ ಮೇಲೆ ಅವರದೇ ಹಾರ್ನು. ಸೆಟ್ ಪರೀಕ್ಷೆ ಮಾಡುವಾಗ ಒನ್ ಟೂ ತ್ರೀ ಅನ್ನುತ್ತಿರಲಿಲ್ಲ. "ಕೇಳ್ತಾ? ಮೂಲೆಮನೆ ಅಕ್ಕ, ಕೇಳ್ತಾ?" ಎನ್ನುವರು. ಮೂಲೆಮನೆ ಅಕ್ಕ ಪಾತ್ರೆ ತಿಕ್ಕುತ್ತಲೇ, "ಸಕ್ರೆಬೈಲಿನ ಆನೆಗೂ ಕೇಳ್ತು, ಆಫ್ ಮಾಡ್ರೀ!" ಎಂದು ಕೂಗುವರು. ಅಷ್ಟಾದರೆ ಸೆಟ್ ಬರೋಬರ್ ಇದೆ ಅಂತ ಲೆಕ್ಕ.

ನನ್ನಪ್ಪ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ನನ್ನ ಪಿಯುಸಿ ಮುಗಿದಾಗ, "ಓದಿದ್ದು ಸಾಕು, ಬಟ್ಟೆ ಅಂಗಡಿಗೆ ಸೇರಲಿ" ಅಂದರು. ಅವತ್ತು ಮಾಮ ಬಂದು ನಮ್ಮ ಹೊಸ್ತಿಲ ಮೇಲೆ ಕೂತವರು ಏಳಲಿಲ್ಲ.

"ಅಣ್ಣ, ಕಂಬದ ತನಕ ವಯರ್ ಎಳೆದು ಹಾರ್ನಿಗೆ ಕೊಡದೆ ಬಿಟ್ರೆ ಏನು ಕೇಳುತ್ತೆ? ಮಣ್ಣು ಕೇಳುತ್ತೆ! ಪೂರ್ತಿ ಎಳೀರಿ."

"ನಿಮ್ಮ ಮಗಳಾಗಿದ್ರೆ ಹಿಂಗೆ ಹೇಳ್ತಿದ್ರಾ?"

"ನನ್ನ ಮಗಳೇ ಅಂದ್ಕೊಳ್ಳಿ. ಈಗ ಕಾಫಿ ಕೊಡ್ಸಿ."

ಅಪ್ಪ ಸೋತರು. ಮೂರು ವರ್ಷದ ಮೇಲೆ ಬಿ.ಕಾಂ. ಫಲಿತಾಂಶ ಬಂದ ದಿನ ಮಾಮ ಆಟೋಕ್ಕೆ ಹಾರ್ನು ಕಟ್ಟಿಕೊಂಡು ಬೀದಿ ಬೀದಿ ಸುತ್ತಿದರು. ಜಾತ್ರೆಯಲ್ಲಿ ಮಕ್ಕಳು ಕಳೆದಾಗ ಕೂಗಿ ಕೂಗಿ ಅವರ ನಾಲಿಗೆಗೆ ಅದೇ ಧಾಟಿ ಅಂಟಿತ್ತು. "ನೀಲಿ ಚೂಡಿದಾರ ಹಾಕಿರೋ ಹುಡುಗಿ ಡಿಗ್ರಿ ಪಾಸಾಗಿದ್ದಾಳೆ. ಸಂಬಂಧಪಟ್ಟವರು ಎಲ್ಲಿದ್ದರೂ ಕೂಡಲೇ ಬಂದು ಲಾಡು ತಗೊಂಡು ಹೋಗಬೇಕು." ನಮ್ಮ ಮನೆತನದಲ್ಲಿ, ನಮ್ಮ ಬೀದಿಯಲ್ಲಿ, ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಈಗ ಶಿವಮೊಗ್ಗದಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸದಲ್ಲಿದ್ದೇನೆ. ಎರಡು ವರ್ಷದ ಹಿಂದೆ ಮಲವಗೊಪ್ಪದ ಕಡೆ ಮನೆ ಕಟ್ಟಿದೆವು. ಹಾಡು ಬರಬೇಕು, ಆದರೆ ಡಬ್ಬ ಕಾಣಬಾರದು, ಅಂಥ ಸ್ಪೀಕರ್ ಬೇಕೆಂಬುದು ನನ್ನ ಆಸೆ. ಸೀಲಿಂಗಿನಲ್ಲಿ ಕೂರಿಸಿದರೆ ಚೆಂದ ಅಂತ ಯಜಮಾನರು. ಸುದ್ದಿ ಸಿಕ್ಕ ಮರುದಿನವೇ ಮಾಮ ಬಸ್ ಹತ್ತಿ ಬಂದರು. ಅಷ್ಟು ಹೊತ್ತಿಗೆ ಜನಕ್ಕೆಲ್ಲ ಡಿಜೆ ಬೇಕಾಗಿ, ಅವರ ಹಾರ್ನುಗಳಲ್ಲಿ ಜೇಡ ಗೂಡು ಕಟ್ಟಿತ್ತು.

"ಇದೊಂದು ಕೆಲಸ ನನಗೆ ಕೊಡು ಮಾರಾಯ್ತಿ. ಒಂದು ಮನೆ ಚೆನ್ನಾಗಾದ್ರೆ ನಾಕು ಮನೆಯವರು ಕರೀತಾರೆ. ಇಲ್ಲಾಂದ್ರೆ ಶಟರ್ ಎಳೀಬೇಕು, ಅಷ್ಟೇ."

ಅವರನ್ನು ಬಸ್ಸಿಗೆ ಬಿಟ್ಟು ಬಂದ ಯಜಮಾನರು ಕೇಳಿದರು: "ಅವರಿಗೆ ಕಿವಿ ಸರಿಯಾಗಿ ಕೇಳುತ್ತೇನೇ? ಕಾಫಿಗೆ ಸಕ್ಕರೆ ಎಷ್ಟು ಅಂದ್ರೆ ಎಂಟಿಂಚು ಅಂದ್ರು."

"ನಿಮಗಿಂತ ಚೆನ್ನಾಗಿ ಕೇಳುತ್ತೆ" ಎಂದು ರೇಗಿದೆ. ಮಾಮನನ್ನು ಮಾತ್ರ ಕೇಳಲಿಲ್ಲ.

ಸ್ಪೀಕರ್ ಕೊಳ್ಳಲು ಶಿವಮೊಗ್ಗದ ಅಂಗಡಿಗೆ ಮೂವರೂ ಹೋದೆವು. ಟೈ ಕಟ್ಟಿದ ಸೇಲ್ಸ್‌ಮನ್ ಚಾವಣಿಯಿಂದ ಹಾಡು ಸುರಿಸಿದ. ಮಾಮ ತಲೆಯೆತ್ತಲೂ ಇಲ್ಲ. "ಮೇಲಿಂದ ಮಾತಾಡೋದು ಆಕಾಶವಾಣಿ ಮಾತ್ರ. ಮನುಷ್ಯರು ಎದುರಿಗೆ ಕೂತು ಹಾಡ್ತಾರೆ. ಗೋಡೆಯೊಳಗೆ ಹಾಕ್ಸು. ಸೋಫಾದಲ್ಲಿ ಕೂತಾಗ ಕಿವಿ ಎಲ್ಲಿ ಬರುತ್ತೋ ಆ ಎತ್ತರಕ್ಕೆ." ಸೇಲ್ಸ್‌ಮನ್ ಬೆಪ್ಪಾಗಿ, "ಅಜ್ಜ ಹೇಳೋದು ಸರಿ ಇದೆ ಮೇಡಂ" ಅಂದ. ನನಗೆ ನಾನೇ ಗೆದ್ದಷ್ಟು ಹಿಗ್ಗು. ಮಾಮ ನಾಲ್ಕು ಜೊತೆಯ ಮೇಲೆ ಕೈಯಿಟ್ಟು ನೋಡಿ, ಐದನೆಯದನ್ನು ಆರಿಸಿದರು.

ಕೂರಿಸಲು ಎರಡು ದಿನ ಹಿಡಿಯಿತು. ಸ್ಕ್ರೂ ಬಿಗಿದ ಮೇಲೆ ಅದರ ತಲೆಯ ಗೆರೆ ಕೂಡಿಸುವ ಚಿಹ್ನೆಯ ಹಾಗೆ ನೆಟ್ಟಗೆ ನಿಲ್ಲಬೇಕು, ಗುಣಿಸುವ ಚಿಹ್ನೆಯ ಹಾಗೆ ವಾರೆಯಾಗಬಾರದು; ಅದು ಅವರ ಹಟ. ತೊಂದರೆಯಾದದ್ದು ವಯರಿನಲ್ಲಿ. ಪುಟ್ಟಿ ಬಳಿದವರು ತುದಿಗಳಿಗೂ ಬಳಿದು, ಪ್ಲಸ್ ಯಾವುದು ಮೈನಸ್ ಯಾವುದು ಎಂಬ ಗುರುತು ಮುಚ್ಚಿಹೋಗಿತ್ತು. "ಇರಲಿ, ಕೇಳಿ ನೋಡಿದ್ರೆ ಗೊತ್ತಾಗುತ್ತೆ" ಎಂದು ಅಂದಾಜಿನ ಮೇಲೆ ಕೊಟ್ಟರು. ಹಾಡು ಹಾಕಿ, ಎರಡರ ಮೇಲೂ ಕೈಯಿಟ್ಟು, "ಬರೋಬರ್" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಕೇಳ್ತಾ?"

ಕೇಳುತ್ತಿತ್ತು. ಆದರೆ ವಾದ್ಯಗಳೆಲ್ಲ ಗೋಡೆಗೆ ಅಂಟಿಕೊಂಡು, ಹಾಡುವವಳ ದನಿ ಮಾತ್ರ ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯುತ್ತಿರಲಿಲ್ಲ. ಅವರ ಮುಖ ನೋಡಿದೆ. "ಚೆನ್ನಾಗಿದೆ ಮಾಮ" ಅಂದೆ.

ಗೃಹಪ್ರವೇಶದ ದಿನ ಮಾಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಾಲ್‌ನ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನಮ್ಮ ಚಿಕ್ಕಮ್ಮ ಒಳಗೆ ಬಂದವಳೇ, "ಏನೇ ಇದು, ಹಾಡೋಳು ಬಾವಿಗೆ ಬಿದ್ದಂಗಿದೆ! ಯಾರಾದ್ರೂ ಹಗ್ಗ ಬಿಡಿ" ಅಂದಳು. ನಾಲ್ಕು ಜನ ನಕ್ಕರು. ಯಾಕೆಂದು ತಿಳಿಯದೆ ಮಾಮನೂ ನಕ್ಕರು. ಪಕ್ಕದ ಸೈಟಿನವರು ಆಗ ಮನೆ ಕಟ್ಟಿಸುತ್ತಿದ್ದರು. ಮಾಮ ಅವರನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿ ಕೇಳಿಸಿದರು. ಅವರು ಎರಡು ನಿಮಿಷ ಕೂತು, "ನೋಡೋಣ" ಎಂದು ಊಟಕ್ಕೆ ಎದ್ದರು.

ಮುಂದಿನ ವಾರ ಅಂಗಡಿಯ ಸೇಲ್ಸ್‌ಮನ್ನನ್ನೇ ಕರೆಸಿದೆ. ಒಂದು ಸ್ಪೀಕರ್ ಬಿಚ್ಚಿ, ಎರಡು ವಯರ್ ಅದಲುಬದಲು ಮಾಡಿ ಮುಚ್ಚಿದ. ಐದು ನಿಮಿಷದ ಕೆಲಸ. "ಒಂದು ಮುಂದಕ್ಕೆ ತಳ್ಳೋವಾಗ ಇನ್ನೊಂದು ಹಿಂದಕ್ಕೆ ಎಳೀತಿತ್ತು ಮೇಡಂ. ಮುಟ್ಟಿದ್ರೆ ಗೊತ್ತಾಗಲ್ಲ, ಎರಡೂ ಅದುರ್ತಾವೆ. ಕಿವಿಗೇ ಗೊತ್ತಾಗಬೇಕು." ಹಾಡುವವಳು ಬಂದು ಎದುರಿಗೆ ನಿಂತ ಹಾಗಾಯಿತು. ನನಗೆ ಕೂತು ಕೇಳಲಾಗಲಿಲ್ಲ.

ಮಾಮನಿಗೆ ಹೇಳುವುದು ಬೇಡ ಅಂದುಕೊಂಡೆ. ತಿಂಗಳಾದ ಮೇಲೆ ಅವರೇ ಬಂದರು. ಗೋಡೆಯ ಹತ್ತಿರ ಹೋದರು, ಜಾಲರಿ ತೆಗೆದರು. ಬಲಗಡೆಯ ಸ್ಪೀಕರಿನ ನಾಲ್ಕು ಸ್ಕ್ರೂಗಳೂ ವಾರೆಯಾಗಿದ್ದವು.

"ಯಾರು ಬಿಚ್ಚಿದ್ದು? ಏನು ತಪ್ಪಾಗಿತ್ತು?"

"ಏನಿಲ್ಲ ಮಾಮ, ಧೂಳು ಒರೆಸಿದ್ರು."

"ಆಂ?"

"ಧೂಳು ಒರೆಸಿದ್ರು!"

"ಆಂ?"

"ಏನೂ ತಪ್ಪಿರ್ಲಿಲ್ಲ ಮಾಮ!" ಎಂದು ಕಿರುಚಿದೆ.

ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಸುಳ್ಳನ್ನ ಇಷ್ಟು ಜೋರಾಗಿ ಹೇಳಬೇಡ ಮಾರಾಯ್ತಿ. ಅಕ್ಕಪಕ್ಕದವರಿಗೆ ಕೇಳುತ್ತೆ."

ಆಮೇಲೆ ತಾವೇ ಹೇಳಿದರು. ಕಿವಿ ಹೋಗಿ ಮೂರು ವರ್ಷವಾಗಿತ್ತಂತೆ. ಇಡೀ ಆಯುಷ್ಯ ಹಾರ್ನಿನ ಬಾಯಲ್ಲೇ ನಿಂತವರು. ಡಾಕ್ಟರು ನರವೇ ಸತ್ತಿದೆ ಅಂದರಂತೆ. ಮೆಷಿನ್ ಹಾಕಿ ನೋಡಿದರೆ ಬರೀ ಗೊರಗೊರ ಅಂದಿತಂತೆ. "ಅಂಗೈಯಲ್ಲಿ ಕೇಳ್ಕೋಬಹುದು ಅಂದ್ಕೊಂಡಿದ್ದೆ. ಹೋಗ್ಲಿ ಬಿಡು." ಜಾಲರಿಯನ್ನು ಮತ್ತೆ ಸಿಕ್ಕಿಸಿದರು. ಸ್ಕ್ರೂಗಳನ್ನು ನೆಟ್ಟಗೆ ಮಾಡಲಿಲ್ಲ. ಕಾಫಿಯನ್ನೂ ಕುಡಿಯಲಿಲ್ಲ.

ಅದೇ ತಿಂಗಳು ಮಾಮನ ಅಂಗಡಿ ಮುಚ್ಚಿತು. ಹಾರ್ನುಗಳು ಗುಜರಿಗೆ ಹೋದವು. ಮಾಮಿ ಫೋನಿನಲ್ಲಿ ಅತ್ತರು: "ಹೊರಗೇ ಬರಲ್ಲಮ್ಮ. ಊಟಕ್ಕೆ ಭುಜ ಮುಟ್ಟಿ ಎಬ್ಬಿಸಬೇಕು."

ಮಾಮ ತೀರಿಕೊಳ್ಳುವ ಹದಿನೈದು ದಿನ ಮೊದಲು ಭದ್ರಾವತಿಗೆ ಹೋಗಿದ್ದೆ. ಕೂಗಿ ಹೇಳುವ ಮಾತಲ್ಲವೆಂದು ಮನೆಯಲ್ಲೇ ಕೂತು ಒಂದು ಹಾಳೆ ತುಂಬ ಬರೆದುಕೊಂಡು ಹೋಗಿದ್ದೆ. ಮಾಮ, ಹಾಡು ಸರಿಯಾಗಿ ಬರುತ್ತಿಲ್ಲ ಅಂತ ನನಗೆ ಅವತ್ತೇ ತಿಳಿದಿತ್ತು. ಹೇಳಿದ್ದರೆ ನೀವೇ ಐದು ನಿಮಿಷದಲ್ಲಿ ಸರಿಮಾಡುತ್ತಿದ್ದಿರಿ. ಹೇಳದೆ ಹೋದವಳು ನಾನು. ನನ್ನ ಈ ಅಕ್ಷರ, ಈ ಕೆಲಸ, ಈ ಮನೆ ಎಲ್ಲ ನೀವು ಹೊಸ್ತಿಲ ಮೇಲೆ ಕೂತಿದ್ದರಿಂದ ಬಂದದ್ದು. ಇಷ್ಟನ್ನು ದೊಡ್ಡ ಅಕ್ಷರದಲ್ಲಿ, ಅವರ ಕಣ್ಣಿಗೆ ಕಾಣುವ ಹಾಗೆ ಬರೆದಿದ್ದೆ.

ಮಾಮ ಹಾಳೆ ಹಿಡಿದು ತುಂಬ ಹೊತ್ತು ನೋಡಿದರು. ಬೆಳಕಿಗೆ ತಿರುಗಿಸಿದರು. ನಾಲ್ಕಾಗಿ ಮಡಿಸಿ ನನ್ನ ಕೈಗೇ ವಾಪಸು ಕೊಟ್ಟರು.

"ಓದಿ ಹೇಳು ಮಾರಾಯ್ತಿ. ನನಗೆ ಅಂಕಿ ಬಿಟ್ರೆ ಬೇರೆ ಬರಲ್ಲ."

ಮದುವೆ ಮನೆಗಳಲ್ಲಿ ಗಂಡುಹೆಣ್ಣಿನ ಹೆಸರನ್ನು ಅವರು ಮೈಕಿನಲ್ಲಿ ಹೇಳುತ್ತಿದ್ದುದೆಲ್ಲ ಬಾಯಿಪಾಠ. ನನ್ನ ಓದಿಗಾಗಿ ಅಪ್ಪನ ಹತ್ತಿರ ಜಗಳ ಆಡಿದ ಮನುಷ್ಯನಿಗೆ ಓದು ಬರುತ್ತದೋ ಇಲ್ಲವೋ ಎಂದು ಇಷ್ಟು ವರ್ಷದಲ್ಲಿ ಒಂದು ದಿನವೂ ನಾನು ಕೇಳಿರಲಿಲ್ಲ.

ಹಾಳೆ ಬಿಡಿಸಿ ಓದಿದೆ. ಒಂದೊಂದೇ ಪದ, ನಿಧಾನವಾಗಿ, ತುಟಿ ಅಗಲ ಮಾಡಿ. ಅವರು ನನ್ನ ಬಾಯಿಯ ಮೇಲೆ ಕಣ್ಣಿಟ್ಟು ಕೂತಿದ್ದರು. ಅರ್ಧಕ್ಕೆ ಬರುವಾಗ ನನ್ನ ತುಟಿ ಅದುರತೊಡಗಿತು. ಅಲ್ಲಿಂದಾಚೆಗೆ ಅವರಿಗೆ ಒಂದಕ್ಷರವೂ ತಿಳಿದಿರಲಾರದು.