ಮೈಮ್ಯಾಲ ಇರ್ಲಿ

ಬಸವನ ಬಾಗೇವಾಡಿಯ ಬಸ್ ನಿಲ್ದಾಣದ ಎದುರಿನ ಔಷಧ ಅಂಗಡಿ ನನ್ನದು. ಹದಿನೆಂಟು ವರ್ಷ ಇದೇ ಕಟ್ಟೆಯ ಮೇಲೆ ಕೂತು ಊರಿನ ಬೇನೆಗಳನ್ನೆಲ್ಲ ಅರೆದು ಕುಡಿದವನು ಅನ್ನುವ ಸೊಕ್ಕು ನನಗಿತ್ತು. ಅದನ್ನು ಇಳಿಸಿದವರು ಗಾದಿ ಮಾಡುವ ಮಲಿಕಸಾಬ ಚಾಚಾ. ಬದುಕಿದ್ದಾಗ ಅಲ್ಲ, ಸತ್ತ ಮೇಲೆ.

ಹತ್ತಿರದ ಮಸೂತಿ ಎಂಬ ಹಳ್ಳಿಯ ಪಿಂಜಾರರ ಮನೆತನ ಅವರದು. ಹನ್ನೆರಡನೇ ವಯಸ್ಸಿಗೇ ಹತ್ತಿ ಹಿಂಜುವ ಬಿಲ್ಲು ಹೊತ್ತು ಅಪ್ಪನ ಹಿಂದೆ ಊರೂರು ತಿರುಗಿದವರು. ಬಿಲ್ಲಿನ ಸಪ್ಪಳ ಕೇಳಿದ ಕೂಡಲೇ ಓಣಿಯ ಹೆಂಗಸರು ಹಳೇ ಗಾದಿ ಅಂಗಳಕ್ಕೆ ಎಳೆದು ಹಾಕುತ್ತಿದ್ದರಂತೆ. ಮುಂದೆ ಬಾಗೇವಾಡಿಗೆ ಬಂದು ಯಂತ್ರ ಹಾಕಿದರು. ಚಾಚಾ ಹಿಂಜಿ ತುಂಬುವುದು, ಹೆಂಡತಿ ಬಿಬಿಜಾನ ಚಾಚಿ ಹೊಲಿಯುವುದು. ಫೋಮಿನ ಹಾಸಿಗೆ ಬಂದು ಅರ್ಧ ಕೆಲಸ ನುಂಗಿತು. ಆದರೂ ಇಂಡಿ, ಸಿಂದಗಿ ಕಡೆಯವರು ಮಗಳ ಮದುವೆಯ ಗಾದಿ ಅಂದರೆ ಇವರನ್ನೇ ಕರೆಯುತ್ತಿದ್ದರು.

ಚಾಚಾ ಚೇಷ್ಟೆ ಮಾಡದೆ ನನ್ನ ಅಂಗಡಿ ದಾಟಿದವರಲ್ಲ. "ಸಿದ್ದಣ್ಣಾ, ನಿನ್ನ ನಿದ್ದಿ ಗುಳಿಗಿ ಒಗದ್ ಬಿಡು. ನನ್ನ ಗಾದಿ ಮ್ಯಾಲ ಮಲಗಿದ ಮದುಮಗ ಮೂರು ದಿನ ಎದ್ದಿಲ್ಲ!" ಅನ್ನುತ್ತಿದ್ದರು. ಚಾಚಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಹೋದ ವರ್ಷ ಚಾಚಾಗೆ ಎದೆ ಹಿಡಿಯತೊಡಗಿತು. ನಾಲ್ಕು ಹೆಜ್ಜೆ ನಡೆದರೆ ನೋವು, ನಿಂತರೆ ಕಡಿಮೆ. ವಿಜಯಪುರದ ಡಾಕ್ಟರು ನೋಡಿ, ರಕ್ತನಾಳ ಮೂರೂ ಕಟ್ಟಿವೆ, ಆಪರೇಷನ್ ತಡೆಯುವ ಎದೆ ಇದಲ್ಲ ಅಂದರು. ದಿನದ ಗುಳಿಗೆಗಳ ಜೊತೆಗೆ, ನೋವು ಬಂದಾಗ ನಾಲಿಗೆಯ ಕೆಳಗೆ ಇಡುವ ಸಣ್ಣ ಗುಳಿಗೆಯನ್ನೂ ಬರೆದರು. ಇನ್ನು ಉಳಿದಷ್ಟು ದಿನ ಆ ಗುಳಿಗೆಯ ಮೇಲೆಯೇ ಅಂತ ಚಾಚಾಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಚಾಚಿ ಚೀಟಿ ಹಿಡಿದು ಬಂದದ್ದು ಸಂತೆಯ ದಿನ. ಕಟ್ಟೆಯ ತುಂಬ ಜನ. ಕಂದು ಗಾಜಿನ ಪುಟ್ಟ ಸೀಸೆ ಕೊಟ್ಟು ಗಡಿಬಿಡಿಯಲ್ಲೇ ಹೇಳಿದೆ: "ಚಾಚಿ, ನೋವು ಬಂದ್ರ ಮೊದಲ ಕುಂದರ್ಸು. ನಿಂತು ತಗೊಂಡ್ರ ತಲಿ ತಿರುಗಿ ಬೀಳ್ತಾರ. ಒಂದು ಗುಳಿಗಿ ನಾಲಿಗಿ ಬುಡಕ ಇಡು, ನುಂಗಬಾರದು. ಐದು ನಿಮಿಷದಾಗ ಕಡಿಮಿ ಆಗಲಿಲ್ಲಂದ್ರ ನೂರಾ ಎಂಟಕ್ಕ ಫೋನ್ ಹಚ್ಚು. ಮತ್ತ ಇದು ಯಾವಾಗ್ಲೂ ಮೈಮ್ಯಾಲ ಇರ್ಲಿ."

ಮೈಮೇಲೆ ಅಂದರೆ ಕೈಗೆ ಸಿಗುವ ಹಾಗೆ, ಜೊತೆಯಲ್ಲಿ ಅಂತ ನನ್ನ ಅರ್ಥ. ಸೀಸೆಯಿಂದ ಬೇರೆ ಕಡೆ ಹಾಕಬೇಡ, ಮೈಯ ಕಾವು ತಾಗಿಸಬೇಡ ಅಂತ ಹೇಳಲಿಲ್ಲ. ಸೀಸೆಗೆ ಅಂಟಿಸಿದ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಅದಿತ್ತು. ಚಾಚಿಗೆ ಕನ್ನಡವೇ ಓದಲು ಬಾರದು.

ಅವಳು ಮೈಮೇಲೆಯೇ ಇಟ್ಟಳು. ಅಕ್ಕಸಾಲಿಗ ಪತ್ತಾರನ ಹತ್ತಿರ ತಿರುಪಿನ ಮುಚ್ಚಳದ ಹಿತ್ತಾಳೆಯ ತಾಯತ ಮಾಡಿಸಿ, ಗುಳಿಗೆಗಳನ್ನೆಲ್ಲ ಅದರೊಳಗೆ ಸುರುವಿ, ಕರಿ ದಾರದಲ್ಲಿ ಗಂಡನ ಕೊರಳಿಗೆ ಕಟ್ಟಿದಳು. ಗುಳಿಗೆ ಕುಲುಕಿ ಪುಡಿಯಾದೀತು ಅಂತ ಒಳಗೆ ಹತ್ತಿ ತುಂಬಿದಳು, ಚಾಚಾ ತಾವೇ ಹಿಂಜಿದ, ಮದುವೆಯ ಗಾದಿಗೆ ತೆಗೆದಿಟ್ಟಿದ್ದ ಹತ್ತಿ.

ತಾಯತಕ್ಕಿಂತ ಮೊದಲು, ಸೀಸೆಯಿಂದಲೇ ತೆಗೆದು ನಾಲಿಗೆಯ ಕೆಳಗೆ ಇಟ್ಟಾಗ ಚಾಚಾ ಬೈದಿದ್ದರು. "ಏನ್ ಗುಳಿಗೀನೋ ಮಾರಾಯ! ಎದಿ ಬಿಡ್ತೈತಿ, ತಲಿ ಹಿಡೀತೈತಿ." ಆ ತಲೆನೋವು ಔಷಧದ್ದೇ, ಹೆದರಬೇಡ್ರಿ ಅಂದಿದ್ದೆ. ಎರಡು ತಿಂಗಳ ಮೇಲೆ ಬಂದು, "ಈಗ ಹೊಂದಿಕೊಂಡೈತಿ ನೋಡು, ತಲಿಬ್ಯಾನಿ ಇಲ್ಲೇ ಇಲ್ಲ. ಎದಿನೋವು ಕುಂತ್ರ ಸಾಕು, ತಾನ ಬಿಡ್ತೈತಿ" ಅಂದರು. ಅಂಗಿಯೊಳಗೆ ಕರಿ ದಾರ ಕಾಣುತ್ತಿತ್ತು. ದರ್ಗಾದ ತಾಯತ ಅಂದುಕೊಂಡು, "ಚಲೋ ಆತು ಬಿಡ್ರಿ" ಅಂದೆ. ತಲೆನೋವು ನಿಂತ ಮಾತ್ರಕ್ಕೆ ಗುಳಿಗೆ ಕೆಟ್ಟಿದೆ ಅಂತಲ್ಲ. ಆದರೂ ಸೀಸೆ ತೋರಿಸ್ರಿ ಅಂತ ಕೇಳಬಹುದಿತ್ತು. ನಾನು ಕೇಳಲಿಲ್ಲ.

ಮಸೂತಿಯಲ್ಲಿ ಒಬ್ಬರ ಮನೆ ಅಂಗಳದಲ್ಲಿ ಗಾದಿ ತುಂಬುತ್ತಿದ್ದಾಗ ನೋವು ಬಂತು, ಕೂತರೂ ಬಿಡದ ನೋವು. ಚಾಚಿ ತಾಯತ ಬಿಚ್ಚಿ ಒಂದು ಗುಳಿಗೆ ಇಟ್ಟಳು. ಬಿಡಲಿಲ್ಲ. ಇನ್ನೊಂದು, ಮತ್ತೊಂದು. ಐದು ನಿಮಿಷದ ಮಾತು ಅವಳಿಗೆ ನೆನಪಿತ್ತು, ಆದರೆ ಕೊರಳಲ್ಲಿ ಔಷಧ ಇರುವಾಗ ನೂರಾ ಎಂಟರ ಗಾಡಿ ಯಾಕೆ ಅಂದುಕೊಂಡಳಂತೆ. ಮುಕ್ಕಾಲು ಗಂಟೆಯ ಮೇಲೆ ಮನೆಯವರೇ ಹೆದರಿ ಫೋನ್ ಮಾಡಿದರು. ವಿಜಯಪುರ ಮುಟ್ಟುವ ಮೊದಲೇ ಚಾಚಾ ಹೋದರು.

ನಾಲ್ಕು ತಿಂಗಳು ಹತ್ತು ದಿನ ಚಾಚಿ ಹೊಸ್ತಿಲು ದಾಟಲಿಲ್ಲ. ಗಂಡ ಸತ್ತವರು ಕಳೆಯುವ ಆ ಇದ್ದತ್ ಮುಗಿಸಿ ಅಂಗಡಿಗೆ ಬಂದಾಗ ಅರ್ಧ ಆಗಿದ್ದಳು. ಕಟ್ಟೆ ಹಿಡಿದು ನಿಂತು, ತಾಯತದ ಕತೆಯನ್ನೆಲ್ಲ ಅವಳೇ ಹೇಳಿದಳು. ನಾನು ಕೇಳಿದ್ದು ಅಂದೇ ಮೊದಲು.

"ತಮ್ಮಾ, ನೀ ಹೇಳಿದಂಗ ಮೈಮ್ಯಾಲಿಂದ ಒಂದ್ ದಿನಾ ತಗದಿಲ್ಲ. ನನ್ನಿಂದ ಏನಾರ ತಪ್ಪಾತೇನ? ಖರೇ ಹೇಳು."

"ಇಲ್ಲ ಚಾಚಿ. ಅವರ ಆಯುಷ್ಯ ಅಷ್ಟ ಇತ್ತು" ಅಂದೆ.

ಅವಳನ್ನು ಕಾಯಲಿಕ್ಕೆ ಹಾಗೆ ಹೇಳಿದೆ ಅಂದುಕೊಂಡರೆ ಅದೂ ಸುಳ್ಳು, ನನ್ನನ್ನೇ ಕಾಯ್ದುಕೊಂಡೆ. ಚಾಚಿ ಉಸಿರು ಬಿಟ್ಟಳು. ಮುಖ ಸ್ವಲ್ಪ ಸಡಿಲಾಯಿತು.

"ಹಂಗಾದ್ರ ಚಲೋ ಆತು. ನಮ್ಮ ಓಣಿ ಕಸ್ತೂರೆವ್ವಗೂ ಇದ ಗುಳಿಗಿ ಬರದಾರ. ಅವರ ತಾಯತ ಆಕಿ ಕೊರಳಿಗಿ ಕಟ್ಟೇನಿ. ಹತ್ತಿ ಹಳೇದಾಗಿತ್ತು, ಹೊಸಾದು ತುಂಬೇನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಮ್ಮೆ ಆಡಿ ಒಬ್ಬರನ್ನು ಕಳೆದಿದ್ದೆ. ಈಗ ಆಡದೆ ಇನ್ನೊಬ್ಬರನ್ನು ಕಳೆಯುವ ಹಾಗಿರಲಿಲ್ಲ. ಅವಳನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂಡಿಸಿದೆ. ಆ ಗುಳಿಗೆಯ ಸತ್ವ ಗಾಳಿಗೆ ಹಾರಿಹೋಗುತ್ತದೆ, ಬೆವರಿಗೆ, ಮೈಕಾವಿಗೆ ಕೆಡುತ್ತದೆ, ಹತ್ತಿ ಅದನ್ನು ಹೀರಿಕೊಳ್ಳುತ್ತದೆ, ಅದಕ್ಕೇ ಗಾಜಿನ ಸೀಸೆ, ಚಾಚಾರ ತಲೆನೋವು ನಿಂತದ್ದೂ ಸತ್ವ ಹೋದದ್ದಕ್ಕೇ ಇರಬಹುದು ಅಂತ ಹೇಳಿದೆ. ಹೇಳದೇ ಬಿಟ್ಟವನು ನಾನು, ತಪ್ಪು ನನ್ನದು ಅಂತ ಎರಡು ಸಲ ಹೇಳಿದೆ. ಅವಳು ಆ ಮಾತನ್ನು ಕೇಳಿಸಿಕೊಂಡಳೋ ಇಲ್ಲವೋ. ತನ್ನ ಕೈಗಳನ್ನೇ ನೋಡುತ್ತಿದ್ದಳು.

ಕಸ್ತೂರೆವ್ವಳಿಗೆಂದು ಹೊಸ ಸೀಸೆ ಅವಳ ಕೈಗೆ ಕೊಟ್ಟೆ. ಸೆರಗಿನ ತುದಿಗೆ ಕಟ್ಟಲು ಹೋಗಿ, ತಡೆದು, ಕೈಚೀಲದಲ್ಲಿ ಇಟ್ಟುಕೊಂಡಳು. ಮೆಟ್ಟಿಲು ಇಳಿದು ಒಮ್ಮೆ ತಿರುಗಿದಳು.

"ಅವರ ತಲಿಬ್ಯಾನಿ ನಿಂತ ದಿನ, ತಮ್ಮಾ, ನಾ ಕೈ ಎತ್ತಿ ಅಲ್ಲಾಗ ಶುಕ್ರಿಯಾ ಹೇಳಿದ್ನಿ."