ಸಿಲೋನಿಗೆ ಮೂರು ಸೀಟು

ಮೊನ್ನೆ ಹಾಸನದ ಆಸ್ಪತ್ರೆಯೊಂದರಲ್ಲಿ ನರ್ಸ್ ಹುಡುಗಿ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಲು ಹೇಳಿದಳು. ಚಪ್ಪಲಿ ಬಿಟ್ಟೆ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದೆ. ಕೈಯಲ್ಲಿದ್ದರೂ ತೂಕ ತೂಕವೇ ಎಂದು ಹೊಳೆದು ಅದನ್ನೂ ಮೇಜಿನ ಮೇಲಿಟ್ಟೆ. "ಇದೇನಜ್ಜಿ, ವಿಮಾನ ಹತ್ತೋಕೆ ಹೊರಟಿದೀರಾ?" ಎಂದು ನಕ್ಕಳು. ಒಂದು ಕಾಲದಲ್ಲಿ ಹೊರಟಿದ್ದೆ ಕಣಮ್ಮ ಎನ್ನಬೇಕೆನಿಸಿತು. ಆದರೆ ನನ್ನ ಹಿಂದೆ ಇನ್ನೂ ಹತ್ತು ಹನ್ನೆರಡು ಜನ ನಿಂತಿದ್ದರು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಐವತ್ತರ ದಶಕದ ಕೊನೆಯ ಮಾತು. ನಾನು ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಪಾಠ ಮಾಡುತ್ತಿದ್ದೆ. ಸಮುದ್ರದ ಅಂಚನ್ನೂ ಕಾಣದೆ ಮೂರು ಸಮುದ್ರಗಳನ್ನು ಕಡ್ಡಿ ಹಿಡಿದು ತೋರಿಸುವ ಧೈರ್ಯ ಆಗ ಇತ್ತು. ಅಕ್ಕಿ ಗಿರಣಿಯ ರಂಗಪ್ಪನವರ ಮನೆಯ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೋಣೆ ಮಲಗುವುದಕ್ಕೆ ಮಾತ್ರ. ಊಟ, ಮಾತು, ನಗು ಎಲ್ಲ ಅವರ ಹೆಂಡತಿ ತಾಯಮ್ಮನವರ ಅಡುಗೆಮನೆಯಲ್ಲಿ. ಅವರಿಗೆ ಮಕ್ಕಳಿರಲಿಲ್ಲ. ನನ್ನನ್ನು "ಮಗ" ಎಂದೇ ಕರೆಯುತ್ತಿದ್ದರು.

ರಂಗಪ್ಪನವರು ಯುದ್ಧದ ಕಾಲದಲ್ಲಿ ಸಿಲೋನಿನಲ್ಲಿ ವಿಮಾನ ರಿಪೇರಿ ಮಾಡಿದವರು. ಅಷ್ಟೊಂದು ವಿಮಾನ ರಿಪೇರಿ ಮಾಡಿದರೂ ಒಂದರಲ್ಲೂ ಅವರನ್ನು ಕೂರಿಸಲಿಲ್ಲವಂತೆ. ಆ ಕೊರಗು ಅವರನ್ನು ಬಿಡಲಿಲ್ಲ. ಗಿರಣಿ ಕೈಹಿಡಿದ ಮೇಲೆ ಬೆಂಗಳೂರಿಗೆ ಹೋಗಿ ಬಂದು ಮಾಡುತ್ತ ವಿಮಾನ ಓಡಿಸುವುದನ್ನು ಕಲಿತು ಲೈಸೆನ್ಸು ತೆಗೆದುಕೊಂಡರು. ಸಕಲೇಶಪುರದ ಕಡೆಯ ಕಾಫಿ ತೋಟದ ಇಂಗ್ಲಿಷಿನವನೊಬ್ಬ ದೇಶ ಬಿಟ್ಟು ಹೋಗುವಾಗ ತನ್ನ ಹಳೆಯ ಸಣ್ಣ ವಿಮಾನವನ್ನು ಇವರಿಗೆ ಮಾರಿದ. ಹೆಸರಿಗೆ ನಾಲ್ಕು ಸೀಟು. ಸಾಮಾನು ಇಟ್ಟರೆ ಮೂರೇ ಜನ. ಅದು ಬೆಂಗಳೂರಿನ ಶೆಡ್ಡಿನಲ್ಲಿ ನಿಂತಿರುತ್ತಿತ್ತು. ಆದರೆ ಹಾರಾಟವೆಲ್ಲ ನಡೆಯುತ್ತಿದ್ದದ್ದು ಹೊಳೆನರಸೀಪುರದ ಊಟದ ಮೇಜಿನ ಮೇಲೆ.

ಬೇಸಿಗೆ ರಜೆಯಲ್ಲಿ ಹೆಂಡತಿಯನ್ನು ಸಿಲೋನಿಗೆ ಹಾರಿಸಿಕೊಂಡು ಹೋಗಬೇಕೆಂಬುದು ಅವರ ಯೋಜನೆ. "ಮೇಷ್ಟ್ರಮ್ಮ ಬಂದ್ರೆ ನಾನೂ ಬತ್ತೀನಿ. ಇಲ್ದಿದ್ರೆ ನೀವೊಬ್ರೇ ಓಗಿ ಬನ್ನಿ" ಎಂದರು ತಾಯಮ್ಮ. ಹೀಗೆ ನನಗೆ ಹಿಂದಿನ ಸೀಟು ಸಿಕ್ಕಿತು. ಪ್ರತಿಯಾಗಿ ಅನುಮತಿ ಕೇಳುವ ಇಂಗ್ಲಿಷ್ ಕಾಗದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಡೆಲ್ಲಿಗೊಂದು, ಮದರಾಸಿಗೊಂದು, ಕೊಲಂಬೋಗೊಂದು. ಚನ್ನರಾಯಪಟ್ಟಣದ ವಕೀಲರ ಗುಮಾಸ್ತರು ಅವನ್ನು ಟೈಪು ಮಾಡಿಕೊಡುತ್ತಿದ್ದರು, ನನ್ನ ಕಾಗುಣಿತದ ತಪ್ಪುಗಳನ್ನು ತಿದ್ದದೆ, ಅಷ್ಟೇ ನಿಷ್ಠೆಯಿಂದ. ಪಾಸ್‌ಪೋರ್ಟಿಗೆಂದು ಹಾಸನದ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದೆವು. ನಗಬೇಡಿ ಎಂದು ಸ್ಟುಡಿಯೋದವನು ಹೇಳಿದ್ದೇ ತಪ್ಪಾಯಿತು. ತಾಯಮ್ಮನವರಿಗೆ ಮೂರು ಸಲ ತೆಗೆಯಬೇಕಾಯಿತು.

ನಕ್ಷೆಯನ್ನು ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು, ರಂಗಪ್ಪನವರು ನೂಲಿನಿಂದ ದೂರ ಅಳೆಯುತ್ತಿದ್ದರು. ಬೆಂಗಳೂರಿನಿಂದ ತಿರುಚಿನಾಪಳ್ಳಿ, ಅಲ್ಲಿ ಟ್ಯಾಂಕು ತುಂಬಿಸಿಕೊಂಡು ನೇರ ಕೊಲಂಬೋ. ಪೆಟ್ರೋಲು, ಜನ, ಪೆಟ್ಟಿಗೆ ಎಲ್ಲ ಸೇರಿ ಇಷ್ಟು ರಾತಲು, ಅಂದರೆ ಪೌಂಡು, ಮೀರಬಾರದು ಎಂದು ವಿಮಾನದ ಪುಸ್ತಕದಲ್ಲಿತ್ತು. ಅವರೂ ನಾನೂ ಗಿರಣಿಯ ತಕ್ಕಡಿಯ ಹಲಗೆ ಹತ್ತಿ ತೂಗಿಸಿಕೊಂಡೆವು. ತಾಯಮ್ಮ ಮಾತ್ರ ಒಪ್ಪಲಿಲ್ಲ. "ಆಳುಗಳ ಮುಂದೆ ನಾನೇನು ಭತ್ತದ ಮೂಟೆನಾ? ಮದ್ವೇಲಿ ಎಂಗಿದ್ನೋ ಅಂಗೇ ಇವ್ನಿ, ಬರ್ಕೊಳಿ" ಎಂದರು. ರಂಗಪ್ಪನವರು ಒಮ್ಮೆ ಹೆಂಡತಿಯನ್ನು ನೋಡಿ ಏನೋ ಒಂದು ಅಂಕಿ ಬರೆದುಕೊಂಡರು. ಅದು ಗಂಡನೊಬ್ಬ ಬರೆಯುವ ಅಂಕಿ.

ಒಂದು ಭಾನುವಾರ ಬೆಳಿಗ್ಗೆ ಗಿರಣಿ ಮುಚ್ಚಿತ್ತು. ರಂಗಪ್ಪನವರು ಊರಲ್ಲಿರಲಿಲ್ಲ. ತಾಯಮ್ಮ ಬೀಗದ ಕೈ ಹಿಡಿದು ನನ್ನ ಕೋಣೆಗೆ ಬಂದರು. "ಬಾ ಮಗ, ನೋಡೇ ಬುಡನ." ಹಲಗೆ ಹತ್ತಿ ಕಣ್ಣು ಮುಚ್ಚಿ ನಿಂತರು. ನಾನು ಓದಿ ಹೇಳಿದೆ. ರಂಗಪ್ಪನವರು ಬರೆದದ್ದಕ್ಕಿಂತ ಮೂವತ್ತು ರಾತಲಿಗೂ ಮೇಲೆ. ಅವರ ಲೆಕ್ಕದಲ್ಲಿ ಐದು ರಾತಲಿಗೂ ಜಾಗ ಉಳಿದಿರಲಿಲ್ಲ. ಅವರು ಮೆಲ್ಲಗೆ ಇಳಿದು ಸೆರಗು ಸರಿಮಾಡಿಕೊಂಡರು. "ಅವ್ರಿಗೆ ಏಳ್ಬ್ಯಾಡ. ನನ್ ಮೇಲಾಣೆ" ಎಂದರು. ಹೂಂ ಎಂದುಬಿಟ್ಟೆ.

ಹೂಂ ಎಂದವಳಿಗೆ ಸಮಾಧಾನ ಉಂಟೇ? ಪಾಠದ ನಡುವೆಯೂ ಕೂಡಿಸುತ್ತಿದ್ದೆ, ಕಳೆಯುತ್ತಿದ್ದೆ. ಮಾತು ಕೊಟ್ಟ ಮೇಲೆ ಹೇಳುವ ಹಾಗಿಲ್ಲ. ಹೇಳದಿದ್ದರೆ ಮೂವರೂ ಸಮುದ್ರದ ಪಾಲು. ಕಡೆಗೆ ಒಂದೇ ದಾರಿ ಕಂಡಿತು. ನಾನು ಇಳಿದುಬಿಟ್ಟರೆ ನನ್ನ ತೂಕ ಅಷ್ಟೂ ಉಳಿಯುತ್ತದೆ. "ನಮ್ಮಪ್ಪ ಬೇಡ ಅಂದುಬಿಟ್ಟರು" ಎಂದು ರಂಗಪ್ಪನವರಿಗೆ ಹೇಳಿದೆ. ಹಸಿ ಸುಳ್ಳು. ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆದುಕೊಂಡಿದ್ದ ಅಪ್ಪ ಹಿಂದಿನ ತಿಂಗಳೇ, "ಓಗಿ ಬಾವ್ವ, ಇಂಥದ್ದು ಇನ್ಯಾರಿಗೆ ಸಿಕ್ತದೆ" ಎಂದಿದ್ದ.

ನಾನು ಬರುವುದಿಲ್ಲವೆಂದು ಗೊತ್ತಾಗುತ್ತಲೇ ತಾಯಮ್ಮ ತಾವೂ ಒಲ್ಲೆ ಎಂದು ಕೂತರು. ರಂಗಪ್ಪನವರು ಬಿಡುವ ಆಸಾಮಿಯಲ್ಲ. ಅಪ್ಪನನ್ನು ಒಪ್ಪಿಸಲು ತಾವೇ ಕಾರು ತೆಗೆದು ನಮ್ಮೂರಿಗೆ ಹೊರಟುಬಿಟ್ಟರು. ನನ್ನ ಸುಳ್ಳು ಸಂಜೆಯೊಳಗೆ ಬಯಲಾಗುತ್ತದೆಂದು ನಾನು ಶಾಲೆಯಲ್ಲಿ ಬೆವರಿದೆ. ಅವರು ವಾಪಸು ಬಂದವರು ಪೇಟ ತೆಗೆದಿಟ್ಟು, "ನಿಮ್ಮಪ್ಪ ಜಪ್ಪಯ್ಯ ಅನ್ನಲಿಲ್ಲ ಕಣಮ್ಮ. ಹಳೇ ಕಾಲದ ಮನುಷ್ಯ. ಹೆಣ್ಣುಮಕ್ಕಳು ಮುಂದಕ್ಕೆ ಬರೋದು ಇಂಥವರಿಗೆ ಬೇಕಿಲ್ಲ" ಎಂದರು.

ನನಗೆ ಅರ್ಥವಾಗಲಿಲ್ಲ. ಶನಿವಾರ ಬಸ್ಸು ಹಿಡಿದು ಊರಿಗೆ ಹೋದೆ. ಅಪ್ಪ ಹೊಗೆಸೊಪ್ಪಿನ ಎಲೆ ಕಟ್ಟುತ್ತ ಕೂತಿದ್ದ.

"ಅಪ್ಪ, ನೀನು ಬೇಡ ಅಂದಿರಲೇ ಇಲ್ಲವಲ್ಲ?"

"ಇಲ್ಲ."

"ಮತ್ತೆ ಅವರಿಗೆ ಯಾಕೆ ಹಾಗೆ ಹೇಳಿದೆ?"

"ನೀನು ಅಂಗೆ ಏಳಿದ್ದೀಯ ಅಂದ್ರು. ನೀನು ಏಳಿದ್ಮೇಲೆ ಏನೋ ಇರ್ಬೇಕು ಅಂದ್ಕಂಡೆ. ಊಂ ಸಾ, ನಾನೇ ಬ್ಯಾಡ ಅಂದಿದ್ದು ಅಂದ್ಬುಟ್ಟೆ." ಎಲೆಯ ಕಟ್ಟನ್ನು ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಕೈ ಹಾಕಿದ. ಏನಿತ್ತು ಎಂದು ಕೇಳಲಿಲ್ಲ.

ಹಿಂದಿರುಗಿ ಬಂದು ತಾಯಮ್ಮನವರಿಗೆ ಇದಿಷ್ಟನ್ನೂ ಹೇಳಿದೆ.  ಮಾರನೆಯ ದಿನ ಮಧ್ಯಾಹ್ನ ಅವರು ಗಂಡನ ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಡುವಾಗ ಬಾಯಿಬಿಟ್ಟರು.

"ಅವರಪ್ಪಂದೇನೂ ತಪ್ಪಿಲ್ಲ ಕಣ್ರೀ. ನಂದು."

"ನಿಂದೇನು?"

"ತೂಕ." ನಡೆದದ್ದನ್ನು ಹೇಳಿದರು. ಅಂಕಿಯನ್ನೂ ಹೇಳಿದರು.

ರಂಗಪ್ಪನವರು ನಗಲಿಲ್ಲ, ಗದರಲೂ ಇಲ್ಲ. "ಸಮುದ್ರದ ಮೇಲೆ ಲಾರಿ ಥರ ರಸ್ತೆ ಬದೀಲಿ ನಿಲ್ಲಿಸೋಕಾಗಲ್ಲ ಕಣೇ" ಎಂದಷ್ಟೇ ಹೇಳಿ, ಎದ್ದು ಕೈ ತೊಳೆದುಕೊಂಡು ಪೆನ್ಸಿಲು ತಂದರು. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿದರು. "ಟ್ಯಾಂಕು ತುಂಬಿಸೋದು ಬೇಡ. ಮಧ್ಯೆ ಜಾಫ್ನಾದಲ್ಲಿ ಒಂದು ಸಲ ಇಳಿದು ಪೆಟ್ರೋಲು ಹಾಕ್ಕೊಂಡರಾಯ್ತು. ಮೂರು ಜನವೂ ಹೋಗಬಹುದು. ಇದಕ್ಕೆ ಇಷ್ಟೆಲ್ಲ ಯಾಕೆ ಮಾಡಿದ್ರಿ?"  ಮರುದಿನ ಬೆಳಿಗ್ಗೆಯೇ ಅವರು ಮತ್ತೆ ಅಪ್ಪನ ಬಳಿಗೆ ಹೋದರು. ಅಲ್ಲಿ ಏನು ಮಾತಾಯಿತೋ ಇಬ್ಬರೂ ಹೇಳಲಿಲ್ಲ. ಬರುವಾಗ ಕಾರಿನಲ್ಲಿ ಒಂದು ಕುಂಬಳಕಾಯಿ ಇತ್ತು.

ಆ ಬೇಸಿಗೆಯಲ್ಲಿ ಹೊರಟೆವು. ತಿರುಚಿನಾಪಳ್ಳಿಯವರೆಗೆ ತಾಯಮ್ಮ ಕಣ್ಣು ಬಿಡಲಿಲ್ಲ. ಅಲ್ಲಿಂದ ಮುಂದೆ ನೆಲ ಮುಗಿದು ನೀರು ಶುರುವಾದಾಗ ನಾನೇ ಅವರ ಭುಜ ಅಲುಗಿಸಿದೆ. ಕಣ್ಣು ತೆರೆದವರು ಬಹಳ ಹೊತ್ತು ಕೆಳಗೇ ನೋಡಿದರು. ಆಮೇಲೆ ಎಂಜಿನ್ನಿನ ಸದ್ದಿನ ಮೇಲೆ ಗಂಡನ ಕಿವಿಯ ಹತ್ತಿರ ಕೂಗಿದರು: "ಇಷ್ಟು ವರ್ಷ ಈ ಸಮುದ್ರನೂ ನೀವು ಕಮ್ಮಿ ಮಾಡೇ ಏಳ್ತಿದ್ರಿ."

ರಜೆ ಮುಗಿಸಿ ಊರಿಗೆ ಹೋದಾಗ ಅಪ್ಪ ಕೊಲಂಬೋ ಹೇಗಿತ್ತೆಂದು ಕೇಳಲಿಲ್ಲ. "ಮೇಲಿಂದ ನೋಡಿದ್ರೆ ಮನುಷ್ರು ಕಾಣ್ತಾರಾ?" ಎಂದ.

"ಇಲ್ಲಪ್ಪ. ಮನೆ ಕಾಣುತ್ತೆ, ಕೆರೆ ಕಾಣುತ್ತೆ. ಮನುಷ್ಯರು ಕಾಣಲ್ಲ."

ಸ್ವಲ್ಪ ಯೋಚನೆ ಮಾಡಿ, "ಅಂಗಾದ್ರೆ ಅಲ್ಲಿ ಬಾಳ ವೊತ್ತು ಇರ್ಬಾರ್ದು" ಎಂದ.

ಈ ಕತೆಯನ್ನು ಇಷ್ಟು ವರ್ಷ ರಂಗಪ್ಪನವರ ವಿಮಾನದ ಕತೆಯೆಂದೇ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳುತ್ತ ಬಂದೆ. ಇವತ್ತು ಬರೆಯಲು ಕೂತಾಗ ನೆನಪು ಸಮುದ್ರದ ಕಡೆ ಹೋಗಲಿಲ್ಲ. ಸುಳ್ಳು ಹೇಳಿ ಅಭ್ಯಾಸವೇ ಇಲ್ಲದ ಅಪ್ಪ, ಕಾರಿನಲ್ಲಿ ಬಂದಿಳಿದ ದೊಡ್ಡ ಮನುಷ್ಯರ ಮುಂದೆ, ಕಾರಣವೂ ಗೊತ್ತಿಲ್ಲದೆ ನನ್ನ ಸುಳ್ಳನ್ನು ತನ್ನದು ಮಾಡಿಕೊಂಡು ನಿಂತ. ಆ ಹೊತ್ತು ಅವನಿಗೆ ಎಷ್ಟು ಕಷ್ಟವಾಗಿರಬೇಕು. ಅದಾದ ಮೇಲೂ ಅಪ್ಪ ಎಷ್ಟೋ ವರ್ಷ ಇದ್ದ. ನಾನು ಒಂದು ದಿನವೂ ಅದನ್ನು ಕೇಳಲಿಲ್ಲ.