ಅಡುಗೆಯವಳು ಹತ್ತಿದ ಮೂರು ಗುಡ್ಡ

ಸೊರಬ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಹನ್ನೆರಡು ವರ್ಷದಿಂದ ಬಿಸಿಯೂಟದ ಅಡುಗೆ ಮಾಡುತ್ತಿದ್ದೇನೆ. ನನ್ನ ಮೈ ದಪ್ಪ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಹೋದ ಡಿಸೆಂಬರಿನ ಒಂದು ಭಾನುವಾರ ಶಾಲೆಯ ಮೇಷ್ಟ್ರುಗಳು, ಮೇಡಮ್ಮುಗಳು ಸೇರಿ ಒಂಬತ್ತು ಜನ ಹೊನ್ನಾವರದ ಕಡೆ ಗುಡ್ಡ ಹತ್ತಲು ಹೊರಟರು. ಕಾಡು ತುಂಬಿದ, ಒಂದರ ಬೆನ್ನಿಗೊಂದು ನಿಂತ ಮೂರು ಗುಡ್ಡಗಳ ಸಣ್ಣ ಸಾಲು ಅದು. ಕೊನೆಯದರ ನೆತ್ತಿಯಿಂದ ಕಡಲು ಕಾಣುತ್ತದಂತೆ. ಹೆಡ್‌ಮಾಸ್ಟರು ನೀವೂ ಬನ್ನಿ ಎಂದಾಗ ನನಗೆ ಹಿಗ್ಗೋ ಹಿಗ್ಗು. ನನ್ನ ತವರು ಶಿಕಾರಿಪುರದ ಕಡೆಯ ಉಡುತಡಿ. ಚಿಕ್ಕವಳಿದ್ದಾಗ ಅಪ್ಪನ ಕುರಿಗಳ ಹಿಂದೆ ಗುಡ್ಡ ಸುತ್ತಿದವಳು ನಾನು. ಮದುವೆಯಾದ ಮೇಲೆ ಅಟ್ಟದ ಏಣಿ ಬಿಟ್ಟು ಬೇರೇನೂ ಹತ್ತಿರಲಿಲ್ಲ.

ಬೆಳಗಿನ ಜಾವ ಎದ್ದು ಎಲ್ಲರಿಗೂ ಆಗುವಷ್ಟು ಚಿತ್ರಾನ್ನ ಕಲಸಿ ದೊಡ್ಡ ಡಬರಿಗೆ ತುಂಬಿದೆ. ಸಿದ್ದಾಪುರ ದಾಟಿ, ಘಟ್ಟ ಇಳಿದು ಗುಡ್ಡದ ಬುಡ ಮುಟ್ಟಿದಾಗ ಬಿಸಿಲೇರಿತ್ತು. ಟೆಂಪೊದಿಂದ ಇಳಿದು ಸೆರಗು ಸಿಕ್ಕಿಸುತ್ತಿದ್ದ ನನ್ನನ್ನು ಹೆಡ್‌ಮಾಸ್ಟರು ಮೇಲಿಂದ ಕೆಳಗೆ ನೋಡಿದರು.

"ನೀವು ಇಲ್ಲೇ ಇರ್ರಿ. ಈ ಮೈ ಇಟ್ಕಂಡು ಎಲ್ಲಿ ಹತ್ತೀರಿ? ಪಾತ್ರೆ, ಬ್ಯಾಗು ನೋಡ್ಕಳಿ."

ಒಂದಿಬ್ಬರು ನಕ್ಕರು. ಆಗ ಅರ್ಥವಾಯಿತು, ನನ್ನನ್ನು ಕರೆದದ್ದು ಗುಡ್ಡಕ್ಕಲ್ಲ, ಡಬರಿಗೆ. ಸೆರಗನ್ನು ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿದೆ.

"ಪಾತ್ರೆನ ಡ್ರೈವರಣ್ಣ ನೋಡ್ಕಂತಾನ್ರಿ ಸರ್. ನಾನು ಗುಡ್ಡ ಹತ್ತಾಕೆ ಬಂದೀನಿ."

ಗೇಟಿನಲ್ಲಿ ವಯಸ್ಸಾದ ಅರಣ್ಯ ವಾಚರ್ ಒಬ್ಬರು ರಿಜಿಸ್ಟರ್ ಹಿಡಿದು ಕೂತಿದ್ದರು. ಹೆಡ್‌ಮಾಸ್ಟರು ಕೊಟ್ಟ ಪಟ್ಟಿಯಲ್ಲಿ ಒಂಬತ್ತು ಹೆಸರು, ಕೊನೆಗೆ 'ಅಡುಗೆಯವರು ಒಬ್ಬರು' ಎಂದಿತ್ತು. ನನಗೂ ಹೆಸರಿದೆ, ಬರೆದುಕೊಳ್ಳಿ ಎಂದೆ. ಅವರು ತಲೆಯೆತ್ತಿ ನೋಡಿ, ಕೇಳಿ ಬರೆದುಕೊಂಡರು. ಹೆಡ್‌ಮಾಸ್ಟರ ಸಹಿಯ ಕೆಳಗೆ ನಾನೂ ಸಹಿ ಹಾಕಿದೆ. ಆಮೇಲೆ ವಾಚರ್ ನಮ್ಮ ಮುಂದೆ ದಾರಿ ತೋರಿಸುತ್ತ ಹೊರಟರು.

ಮೊದಲನೆಯ ಗುಡ್ಡ ಸಲೀಸಾಗಿತ್ತು. ಎರಡನೆಯದರ ಏರಿನಲ್ಲಿ ತರಗೆಲೆ ದಪ್ಪಗೆ ಬಿದ್ದು ಕಾಲಿಟ್ಟಲ್ಲೆಲ್ಲ ಜಾರುತ್ತಿತ್ತು. ನನ್ನ ಹವಾಯಿ ಚಪ್ಪಲಿಯ ಬಾರು ಕಿತ್ತುಹೋಯಿತು. ಎರಡನ್ನೂ ಕಳಚಿ ಚೀಲಕ್ಕೆ ಹಾಕಿ ಬರಿಗಾಲಲ್ಲಿ ನಡೆದೆ. ಎಲ್ಲರಿಗಿಂತ ಹಿಂದೆ ಇದ್ದೆ, ಏದುಸಿರು ಬಿಡುತ್ತಿದ್ದೆ, ಆದರೆ ನಿಲ್ಲಲಿಲ್ಲ. ನೆತ್ತಿ ತಲುಪಿದಾಗ ಎಲ್ಲರೂ ಕಾಲು ಚಾಚಿ ಕೂತಿದ್ದರು. ಮೂರನೆಯದಕ್ಕೆ ಇನ್ನೂ ಮುಕ್ಕಾಲು ಗಂಟೆ ಬೇಕೆಂದು ವಾಚರ್ ಹೇಳಿದರು. ಅಲ್ಲೂ ಇದೇ ಕಾಡು, ಇದೇ ಮರ, ಇಳಿದು ಊಟ ಮಾಡೋಣ ಎಂದರು ಹೆಡ್‌ಮಾಸ್ಟರು. ಗಣಿತದ ಮೇಡಂ ಮಾತ್ರ ಎದ್ದು ನಿಂತರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಅವರು. ಅವರ ಪಕ್ಕ ನಾನೂ ನಿಂತೆ.

ಹೆಡ್‌ಮಾಸ್ಟರಿಗೆ ಸಿಟ್ಟು ಬಂತು. "ನಿಮಗೇನಾದ್ರೂ ಆದ್ರೆ ಹೊತ್ಕಂಡು ಬರೋರು ಯಾರು?"

"ಅಕ್ಕಿ ಮೂಟೆ ದಿನಾ ಹೊರೋಳು ನಾನೇ ಅಲ್ವೇನ್ರಿ ಸರ್? ನನ್ನನ್ನೂ ನಾನೇ ಹೊತ್ಕಂಡು ಬರ್ತೀನಿ."

ಬಂದ ದಾರಿಯಲ್ಲೇ ಇಳಿಯಬೇಕಿದ್ದುದರಿಂದ ಉಳಿದವರೆಲ್ಲ ತಾವೇ ಕೆಳಗೆ ಹೋದರು. ವಾಚರ್ ನಮ್ಮಿಬ್ಬರನ್ನು ಮುಂದೆ ಕರೆದೊಯ್ದರು. ಕೊನೆಯ ಬಂಡೆಯನ್ನು ನಾನು ಕೈಕಾಲು ಊರಿಕೊಂಡೇ ಹತ್ತಿದೆ. ಮಂಡಿ ತರಚಿತು. ನಡುವೆ ಒಮ್ಮೆ ಸಾಕೆನಿಸಿತ್ತು, ನಿಜ. ಕೆಳಗೆ ನಕ್ಕವರ ಮುಖ ನೆನಪಾಗಿ ಮತ್ತೆ ಕಾಲು ಎತ್ತಿಟ್ಟೆ.

ಮೇಲೆ ಜೋರು ಗಾಳಿ. ಕಾಡು ಮುಗಿದಲ್ಲಿ ತೆಂಗಿನ ತೋಟ, ಅದರಾಚೆ ಕಡಲು. ನಾನು ನೀಲಿ ಅಂದುಕೊಂಡಿದ್ದೆ, ಅದು ಬೂದಿ ಬಣ್ಣಕ್ಕಿತ್ತು. ಚೀಲದಲ್ಲಿ ಒಂದು ಡಬ್ಬಿ ಚಿತ್ರಾನ್ನ ಇತ್ತು. ಮೂವರೂ ಹಂಚಿಕೊಂಡೆವು. ಶಾಲೆಯಲ್ಲಿ ಮಕ್ಕಳು, ಮೇಷ್ಟ್ರುಗಳು ಉಂಡು, ಪಾತ್ರೆ ತೊಳೆದಾದ ಮೇಲೆ ನನ್ನ ಊಟ. ಅವತ್ತು ನಾನು ಮಾಡಿದ ಅಡುಗೆಯನ್ನು ಮೊದಲು ಉಂಡವಳು ನಾನು. ಮೇಡಂ ಫೋಟೊ ತೆಗೆದರು. ಅದರಲ್ಲಿ ನಾನು ನಗುತ್ತಿಲ್ಲ, ಜಗಳಕ್ಕೆ ನಿಂತವಳ ಹಾಗಿದ್ದೇನೆ.

ಕೆಳಗಿಳಿದು ಬಂದರೆ ಎಲ್ಲರೂ ಟೆಂಪೊದ ನೆರಳಲ್ಲಿ ಹಸಿದು ಕೂತಿದ್ದಾರೆ. ಡಬರಿಯ ಮುಚ್ಚಳ ಕೂಡ ಯಾರೂ ತೆಗೆದಿಲ್ಲ. ಬೇಗ ಬಡಿಸಬೇಕಂತೆ. ನಾನು ನಲ್ಲಿಯ ಕೆಳಗೆ ಕಾಲು ತೊಳೆಯುತ್ತಿದ್ದೆ.

"ಸೌಟು ಡಬರಿ ಮೇಲೇ ಐತ್ರಿ ಸರ್. ಬಡಿಸ್ಕಳ್ರಿ."

ಗಣಿತದ ಮೇಡಂ ಸೌಟು ತೆಗೆದುಕೊಂಡು ತಮ್ಮ ತಟ್ಟೆಗೆ ಹಾಕಿಕೊಂಡರು. ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ಕೊನೆಗೆ ಹೆಡ್‌ಮಾಸ್ಟರೂ ಹಾಕಿಕೊಂಡರು.

ಸೋಮವಾರ ನನ್ನ ಮೇಲೆ ಶಾಲಾ ಸಮಿತಿಗೆ ದೂರು ಹೋಯಿತು. ಹೇಳಿದ ಮಾತು ಕೇಳುವುದಿಲ್ಲ ಎಂದು. ಸಮಿತಿಯ ಅಧ್ಯಕ್ಷರು ಕರೆಸಿ, ಒಂದು ತಪ್ಪಾಯ್ತು ಅಂದುಬಿಡಮ್ಮ, ಮುಗಿದುಹೋಗಲಿ ಎಂದರು. ಯಾವುದಕ್ಕೆ ಅನ್ನಲಿ, ಹತ್ತಿದ್ದಕ್ಕೋ ಬಡಿಸದೆ ಇದ್ದದ್ದಕ್ಕೋ ಎಂದು ಕೇಳಿದೆ. ರಜಾ ದಿನ ಬಡಿಸುವುದು ನನ್ನ ಕೆಲಸವೇ ಎಂದೂ ಕೇಳಿದೆ. ಅವರು ಹೆಡ್‌ಮಾಸ್ಟರ ಮುಖ ನೋಡಿದರು, ಹೆಡ್‌ಮಾಸ್ಟರು ಕಿಟಕಿ ನೋಡಿದರು. ತಪ್ಪಾಯ್ತು ಎಂದು ನಾನು ಅನ್ನಲಿಲ್ಲ. ಕೆಲಸವೂ ಹೋಗಲಿಲ್ಲ. ತಿಂಗಳೊಪ್ಪತ್ತು ಹೆಡ್‌ಮಾಸ್ಟರು ನನ್ನ ಜೊತೆ ಮಾತು ಬಿಟ್ಟರು. ಆಮೇಲೆ ತಾವಾಗಿಯೇ ಆಡಿದರು, ನಾನೂ ಆಡಿದೆ.

ಮೊನ್ನೆ ಭಾನುವಾರ ಪಕ್ಕದೂರಿನ ಶಾಲೆಯ ಅಡುಗೆಯವಳನ್ನು ಕರೆದುಕೊಂಡು ಬಸ್ಸಿನಲ್ಲಿ ಚಂದ್ರಗುತ್ತಿಗೆ ಹೋಗಿ ಕೋಟೆಯ ಗುಡ್ಡ ಹತ್ತಿ ಬಂದೆ. ಎರಡು ದಿನ ಮಂಡಿ ಊದಿಕೊಂಡಿತ್ತು. ಬಿಸಿನೀರಿನ ಶಾಖ ಕೊಟ್ಟುಕೊಂಡೆ, ಬುಧವಾರದ ಹೊತ್ತಿಗೆ ಸರಿಹೋಯಿತು.